ಹದಿನೆಂಟರಲ್ಲಿ ಒಬ್ಬಳು

ತೆರೆದ ಹೃದಯದ ಶಸ್ತ್ರಚಿಕಿತ್ಸೆಯ ಚರಿತ್ರೆ ಕೇಳಿದರೆ ಎಲ್ಲರೂ ಹೇಳುವ ದಿನಾಂಕ ಒಂದೇ: 1953ರ ಮೇ 6. ಅವತ್ತು ಫಿಲಡೆಲ್ಫಿಯಾದ ಜೆಫರ್ಸನ್ ಆಸ್ಪತ್ರೆಯಲ್ಲಿ ಡಾ. ಜಾನ್ ಗಿಬ್ಬನ್ 18 ವರ್ಷದ ಕಾಲೇಜು ಹುಡುಗಿಯೊಬ್ಬಳ ಹೃದಯದೊಳಗಿನ ತೂತು ಮುಚ್ಚಿದರು. 26 ನಿಮಿಷ ಹೃದಯದ ಕೆಲಸ, ಶ್ವಾಸಕೋಶದ ಕೆಲಸ ಎರಡನ್ನೂ ಒಂದು ಯಂತ್ರ ಮಾಡಿತು. ಹುಡುಗಿ ಚೇತರಿಸಿಕೊಂಡು ಮನೆಗೆ ಹೋದಳು. ಆಮೇಲೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಬದುಕಿದಳು.

ದಿನವೂ ಅಂಕಿಅಂಶ ನೋಡುವವನಿಗೆ ಇಂಥ ಕಥೆ ಕೇಳಿದ ಕೂಡಲೇ ಬರುವ ಪ್ರಶ್ನೆ: ಸರಿ, ಎಷ್ಟು ಜನರಲ್ಲಿ ಒಬ್ಬಳು? ಭಿನ್ನರಾಶಿಯಲ್ಲಿ ಗೆರೆಯ ಕೆಳಗಿರುವ ಸಂಖ್ಯೆಗೆ ಕನ್ನಡದಲ್ಲಿ ‘ಛೇದ’ ಅಂತಾರೆ. ಈ ಕಥೆಯ ಛೇದ ಹುಡುಕಿದರೆ ಕಥೆಯೇ ಬೇರೆಯಾಗುತ್ತೆ.

ಯಂತ್ರದ ಯೋಚನೆ ಗಿಬ್ಬನ್ನರಿಗೆ ಬಂದದ್ದು 1930ರ ದಶಕದ ಆರಂಭದಲ್ಲಿ, ಬಾಸ್ಟನ್‌ನಲ್ಲಿ. ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಮಹಿಳೆಯೊಬ್ಬರ ಪಕ್ಕ ಅವರು ರಾತ್ರಿಯಿಡೀ ಕೂತಿದ್ದರು. ಬೆಳಗ್ಗೆ ಶಸ್ತ್ರಚಿಕಿತ್ಸೆ ಆಯಿತು, ಆಕೆ ಉಳಿಯಲಿಲ್ಲ. ಆ ಕಪ್ಪು ರಕ್ತವನ್ನು ಹೊರಗೆ ತೆಗೆದು, ಆಮ್ಲಜನಕ ಸೇರಿಸಿ, ಮತ್ತೆ ಒಳಗೆ ಬಿಟ್ಟಿದ್ದರೆ? ಈ ಪ್ರಶ್ನೆಯ ಹಿಂದೆ ಅವರೂ ಅವರ ಹೆಂಡತಿ ಮೇರಿಯೂ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೋದರು. ಮೊದಲು ಬೆಕ್ಕುಗಳ ಮೇಲೆ ಪ್ರಯೋಗ, ನಂತರ ನಾಯಿಗಳ ಮೇಲೆ. ಆಮೇಲೆ ಐಬಿಎಂ ಕಂಪನಿಯ ಎಂಜಿನಿಯರುಗಳೂ ಕೈಜೋಡಿಸಿದರು. ಉಕ್ಕಿನ ಜಾಲರಿಯ ಮೇಲೆ ರಕ್ತವನ್ನು ತೆಳ್ಳಗೆ ಹರಿಯಬಿಟ್ಟು ಆಮ್ಲಜನಕ ಹಿಡಿಯುವಂತೆ ಮಾಡುವುದು, ಪಂಪಿನಿಂದ ಅದನ್ನು ದೇಹಕ್ಕೆ ಹಿಂದಿರುಗಿಸುವುದು, ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುವುದು: ಯಂತ್ರದ ಕೆಲಸ ಇಷ್ಟು.

ಮನುಷ್ಯರ ಮೇಲೆ ಗಿಬ್ಬನ್ನರ ಮೊದಲ ಪ್ರಯತ್ನ 1952ರಲ್ಲಿ, 15 ತಿಂಗಳ ಮಗುವಿಗೆ. ಮಗು ತೀರಿಕೊಂಡಿತು. ಹೃದಯದ ಗೋಡೆಯಲ್ಲಿ ತೂತು ಇದೆ ಎಂದುಕೊಂಡಿದ್ದರು, ಮರಣೋತ್ತರ ಪರೀಕ್ಷೆಯಲ್ಲಿ ಅಂಥ ತೂತೇ ಇರಲಿಲ್ಲ. ದೋಷ ಇದ್ದದ್ದು ಹೃದಯದ ಹೊರಗಿನ ರಕ್ತನಾಳದಲ್ಲಿ. ಅಂದರೆ ‘ಯಂತ್ರ ಸೋತಿತು’ ಅಂತ ಬರೆದಿಡಬಹುದಾದ ಈ ಸಾವು ನಿಜವಾಗಿ ರೋಗಪತ್ತೆಯ ಸೋಲು. ಮೇ 1953ರಲ್ಲಿ ಆ ಗೆಲುವು. ಜುಲೈನಲ್ಲಿ ಐದು ವರ್ಷದ ಇಬ್ಬರು ಹುಡುಗಿಯರು, ಇಬ್ಬರೂ ಉಳಿಯಲಿಲ್ಲ. ಗಿಬ್ಬನ್ ಒಂದು ವರ್ಷ ನಿಲ್ಲಿಸೋಣ ಅಂದರು. ಆಮೇಲೆ ತೆರೆದ ಹೃದಯದ ಶಸ್ತ್ರಚಿಕಿತ್ಸೆಗೆ ಅವರು ಮತ್ತೆ ಕೈ ಹಾಕಲಿಲ್ಲ.

ಬೇರೆ ಊರುಗಳಲ್ಲೂ ಪರಿಸ್ಥಿತಿ ಇದೇ. ಮಿನ್ನೆಸೋಟ ವಿಶ್ವವಿದ್ಯಾಲಯದ ಡಾ. ವಾಲ್ಟನ್ ಲಿಲ್ಲಹೈ ಮುಂದೆ ಕೊಟ್ಟ ಲೆಕ್ಕದ ಪ್ರಕಾರ, 1951ರಿಂದ 1954ರವರೆಗೆ ಆರು ಕೇಂದ್ರಗಳಲ್ಲಿ ಯಂತ್ರ ಬಳಸಿದ್ದು 18 ರೋಗಿಗಳಿಗೆ. 17 ಜನ ಸತ್ತರು. ಉಳಿದ ಒಬ್ಬಳೇ ಆ ಕಾಲೇಜು ಹುಡುಗಿ.

ನಾಯಿಗಳು ಬದುಕುತ್ತವೆ, ಮನುಷ್ಯರು ಸಾಯುತ್ತಾರೆ, ಯಾಕೆ? ಆಗ ಬಹಳ ಜನ ನಂಬಿದ್ದ ಉತ್ತರ ಹೀಗಿತ್ತು: ನಾಯಿಯದು ಗಟ್ಟಿ ಹೃದಯ, ರೋಗಿಯದು ಮೊದಲೇ ಬಳಲಿದ ಹೃದಯ. ಅದನ್ನು ತೆರೆದು ಹೊಲಿದರೆ ಮತ್ತೆ ಚೇತರಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಇದು ನಿಜವಾಗಿದ್ದರೆ ಯಂತ್ರವನ್ನು ಎಷ್ಟು ಸುಧಾರಿಸಿದರೂ ಪ್ರಯೋಜನವಿಲ್ಲ, ದಾರಿ ಅಲ್ಲಿಗೇ ಮುಗಿಯಿತು.

ಇಲ್ಲಿ ಲಿಲ್ಲಹೈ ಮಾಡಿದ್ದು ನೋಡಿ. 1954ರ ಮಾರ್ಚ್‌ನಲ್ಲಿ ಅವರು ಯಂತ್ರವನ್ನು ಪಕ್ಕಕ್ಕಿಟ್ಟು ಆ ಜಾಗದಲ್ಲಿ ಒಬ್ಬ ಮನುಷ್ಯನನ್ನೇ ಮಲಗಿಸಿದರು. ಮಗುವಿನ ರಕ್ತ ಕೊಳವೆಯಲ್ಲಿ ತಂದೆಯ ಅಥವಾ ತಾಯಿಯ ದೇಹಕ್ಕೆ ಹೋಗಿ, ಅಲ್ಲಿ ಶುದ್ಧವಾಗಿ, ಮಗುವಿಗೆ ವಾಪಸ್ ಬರುವ ಏರ್ಪಾಡು. ಒಂದೇ ಆಪರೇಷನ್‌ನಲ್ಲಿ ಇಬ್ಬರು ಸಾಯಬಹುದಾದ ಸಾಹಸ ಇದು ಎಂದು ಟೀಕೆ ಬಂತು. ಮೊದಲ ಮಗು 11 ದಿನಗಳ ನಂತರ ನ್ಯುಮೋನಿಯಾದಿಂದ ತೀರಿಕೊಂಡಿತು. ಆದರೂ ಮುಂದುವರಿದರು. ಒಟ್ಟು 45 ರೋಗಿಗಳಲ್ಲಿ 28 ಮಂದಿ ಜೀವಂತ ಮನೆಗೆ ಹೋದರು. ರಕ್ತ ಹಂಚಿಕೊಂಡ ದೊಡ್ಡವರಲ್ಲಿ ಯಾರೂ ಸಾಯಲಿಲ್ಲ. ಆದರೆ ಒಬ್ಬ ತಾಯಿಯ ರಕ್ತಕ್ಕೆ ಗಾಳಿ ಸೇರಿ ಮೆದುಳಿಗೆ ಪೆಟ್ಟಾಯಿತು. ಆ ಬೆಲೆಯನ್ನು ಲೆಕ್ಕದಿಂದ ಬಿಡುವ ಹಾಗಿಲ್ಲ.

ಬಳಲಿದ ಹೃದಯ ಹಾಗೇ ಇತ್ತು, ಬದಲಾಗಿದ್ದು ಯಂತ್ರ. ಹಾಗಿದ್ದೂ ಅರ್ಧಕ್ಕಿಂತ ಹೆಚ್ಚು ಜನ ಬದುಕಿದರು. ಅಲ್ಲಿಗೆ ‘ಬಳಲಿದ ಹೃದಯ’ದ ವಾದ ಬಿದ್ದುಹೋಯಿತು. ಎರಡು ಗುಂಪುಗಳ ರೋಗಿಗಳು ಒಂದೇ ತರಹದವರಲ್ಲ, ಇದನ್ನು ಅಚ್ಚುಕಟ್ಟಾದ ಪ್ರಯೋಗ ಅನ್ನೋಕೆ ಆಗಲ್ಲ, ನಿಜ. ಆದರೆ ಹೃದಯ ಚೇತರಿಸಿಕೊಳ್ಳೋದೇ ಇಲ್ಲ ಎಂಬ ಮಾತನ್ನು ಸುಳ್ಳು ಮಾಡಲು 28 ಮಂದಿ ಧಾರಾಳ ಸಾಕು.

ಅಲ್ಲಿಂದ ಸುಮಾರು 90 ಮೈಲಿ ದೂರದ ರಾಚೆಸ್ಟರ್‌ನ ಮೇಯೋ ಕ್ಲಿನಿಕ್‌ನಲ್ಲಿ ಡಾ. ಜಾನ್ ಕರ್ಕ್ಲಿನ್ ಗಿಬ್ಬನ್ನರ ಯಂತ್ರವನ್ನೇ ಸುಧಾರಿಸುತ್ತಿದ್ದರು. 1955ರ ಮಾರ್ಚ್‌ನಲ್ಲಿ ಶುರು ಮಾಡುವ ಮೊದಲೇ ಅವರ ತಂಡ ಒಂದು ತೀರ್ಮಾನ ಮಾಡಿಕೊಂಡಿತ್ತು: ಎಂಟು ರೋಗಿಗಳಿಗೆ ಮಾಡಿಯೇ ಮಾಡುವುದು, ಮೊದಲ ಏಳು ಜನ ಸತ್ತರೂ ಸರಿ. ಕೇಳಲು ಕಠೋರ ಅನ್ನಿಸುತ್ತೆ. ಆದರೆ ಒಂದೆರಡು ಸಾವು ಕಂಡು ನಿಲ್ಲಿಸಿದರೆ, ಅದು ಯಂತ್ರದ ತಪ್ಪೋ, ರೋಗಪತ್ತೆಯ ತಪ್ಪೋ, ಬರೀ ದುರದೃಷ್ಟವೋ ತಿಳಿಯುವುದೇ ಇಲ್ಲ. ಎಂಟರಲ್ಲಿ ನಾಲ್ವರು ಉಳಿದರು. ಹಾಗಂತ ಗಿಬ್ಬನ್ ನಿಲ್ಲಿಸಿದ್ದು ತಪ್ಪು ಅನ್ನಲು ನನಗೆ ಮನಸ್ಸು ಬರಲ್ಲ. ನಮಗೆ ಅದು ಬರೀ ಸಂಖ್ಯೆ. ಅವರಿಗೆ ಅದು ಹೊರಗೆ ಕಾಯುತ್ತಿದ್ದ ತಂದೆತಾಯಿಯ ಮುಖ.

ಮುಂದಿನ ದಶಕಗಳಲ್ಲಿ ಯಂತ್ರ ಎಲ್ಲೆಡೆ ಹರಡಿತು. ಪ್ರಶ್ನೆಯೂ ಬದಲಾಯಿತು: ಯಾವ ಆಸ್ಪತ್ರೆಯಲ್ಲಿ ಹೆಚ್ಚು ಜನ ಬದುಕುತ್ತಾರೆ? 1989ರಿಂದ ನ್ಯೂಯಾರ್ಕ್ ರಾಜ್ಯ ಬೈಪಾಸ್ ರೋಗಿಗಳ ವಯಸ್ಸು, ಹೃದಯದ ಶಕ್ತಿ, ಬೇರೆ ಕಾಯಿಲೆ ಎಲ್ಲ ದಾಖಲಿಸಿ, ಅವನ್ನು ಸರಿದೂಗಿಸಿ ಸಾವಿನ ಪ್ರಮಾಣ ಲೆಕ್ಕ ಹಾಕಿ ಪ್ರಕಟಿಸತೊಡಗಿತು. ಆ ಪ್ರಮಾಣ 1989ರಲ್ಲಿ ಶೇ. 4.17 ಇದ್ದದ್ದು 1992ಕ್ಕೆ ಶೇ. 2.45ಕ್ಕೆ ಇಳಿಯಿತು. ಅಂಕಿ ಕೆಡುತ್ತೆ ಅಂತ ಡಾಕ್ಟರುಗಳು ತೀರಾ ಕಷ್ಟದ ರೋಗಿಗಳನ್ನು ದೂರ ಇಡಬಹುದು ಎಂಬ ಆಕ್ಷೇಪವೂ ಜೊತೆಗೇ ಬಂತು. ಆ ಚರ್ಚೆ ಇನ್ನೂ ಮುಗಿದಿಲ್ಲ.

ನಮ್ಮಲ್ಲಿ ಎಷ್ಟೋ ಜನರಿಗೆ ಊರಿಂದ ಫೋನ್ ಬರುತ್ತೆ: “ಅಪ್ಪನಿಗೆ ಬೈಪಾಸ್ ಅಂತೆ, ಡಾಕ್ಟರು 98 ಪರ್ಸೆಂಟ್ ಗ್ಯಾರಂಟಿ ಅಂದ್ರು.” ಸಾವಿರಾರು ಮೈಲಿ ದೂರದಲ್ಲಿ ಕೂತವರ ಕೈಯಲ್ಲಿರೋದು ಆ ಒಂದು ಅಂಕಿ ಮಾತ್ರ. ಆಗ ಕೇಳಿ: ಈ 98 ಯಾರ ಪೈಕಿ? ಅಪ್ಪನ ವಯಸ್ಸಿನವರ, ಸಕ್ಕರೆ ಕಾಯಿಲೆ ಇರುವವರ ಪೈಕಿಯಾ? ಆಸ್ಪತ್ರೆಯಿಂದ ಮನೆಗೆ ಹೋದವರ ಲೆಕ್ಕವಾ, ಒಂದು ವರ್ಷದ ಮೇಲೂ ಚೆನ್ನಾಗಿರುವವರ ಲೆಕ್ಕವಾ? ಇಂಥ ಆಪರೇಷನ್ ಈ ತಂಡ ವರ್ಷಕ್ಕೆ ಎಷ್ಟು ಮಾಡುತ್ತೆ? ಒಳ್ಳೆಯ ಡಾಕ್ಟರು ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳಲ್ಲ.