ಗೇಟು ಹೋದ ಮೇಲೆ ದಾರಿ ಯಾರದು?

ಬೆಂಗಳೂರಿನಿಂದ ಹೊರಟ ರೈಲು ಹಳಿ ಮೈಸೂರು ಮುಟ್ಟಿದ್ದು 1882ರಲ್ಲಿ. ಅದು ನಂಜನಗೂಡಿನವರೆಗೆ ಬೆಳೆದದ್ದು 1891ರಲ್ಲಿ. ಅಲ್ಲಿಂದ ಚಾಮರಾಜನಗರಕ್ಕೆ ಹೋಗಲು ಮತ್ತೆ 35 ವರ್ಷ ಬೇಕಾಯಿತು. 1926ರಲ್ಲಿ ಆ ಭಾಗವೂ ಸೇರಿತು. ಈ ಮಾರ್ಗದ ಚರಿತ್ರೆ ಬರೆಯುವವರು ಸೇತುವೆ, ನಿಲ್ದಾಣ, ಇಂಜಿನ್ನುಗಳ ಬಗ್ಗೆ ಬರೆಯುತ್ತಾರೆ. ರಸ್ತೆಯು ಹಳಿಯನ್ನು ಹಾಯುವ ಜಾಗ, ಅಂದರೆ ಗೇಟು, ಆ ಚರಿತ್ರೆಯಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಆದರೆ ರೈಲು ಹತ್ತದವರಿಗೂ ರೈಲಿನ ಪರಿಚಯವಾಗಿದ್ದು ಗೇಟಿನ ಮುಂದೆ ಕಾದು ನಿಂತಾಗಲೇ.

ರಸ್ತೆ ಮತ್ತು ರೈಲು ಹೊಂದಿಕೊಂಡು ಬಾಳಿದ ಒಂದು ಜಾಗವೂ ಈ ಮಾರ್ಗದಲ್ಲಿ ಇತ್ತು. ನಂಜನಗೂಡಿನ ಬಳಿ ಕಪಿಲಾ ನದಿಗೆ 1735ರಲ್ಲಿ, ದಳವಾಯಿ ದೇವರಾಜಯ್ಯನ ಕಾಲದಲ್ಲಿ ಕಟ್ಟಿದ ಸೇತುವೆ ಅದು. ರೈಲು ಎಂಬುದೇ ಇಲ್ಲದ ಕಾಲದ ಆ ಸೇತುವೆಯ ಮೇಲೆ ಮುಂದೆ ಮೀಟರ್ ಗೇಜ್ ಹಳಿ ಬಂತು. ಪಕ್ಕದಲ್ಲೇ ಗಾಡಿ, ಬಸ್ಸು, ಪಾದಚಾರಿಗಳು ಸಾಗಿದರು. 2008ರಲ್ಲಿ ಮಾರ್ಗ ಬ್ರಾಡ್‌ಗೇಜ್ ಆದಾಗ ರೈಲು ಹೊಸ ಸೇತುವೆಗೆ ಹೋಯಿತು. ಹಳೆಯದು ಪಾರಂಪರಿಕ ಕಟ್ಟಡವಾಗಿ ಉಳಿಯಿತು.

ಸೇತುವೆಯ ಮೇಲೆ ಅಕ್ಕಪಕ್ಕದಲ್ಲಿ ಸಾಗಬಹುದು. ಒಂದನ್ನೊಂದು ಅಡ್ಡ ಹಾಯುವಾಗ ಯಾರಾದರೊಬ್ಬರು ನಿಲ್ಲಲೇಬೇಕು. ವೇಗವಾಗಿ ಬರುವ ರೈಲನ್ನು ಥಟ್ಟನೆ ನಿಲ್ಲಿಸಲು ಆಗದು. ಹಾಗಾಗಿ ನಿಲ್ಲುವ ಸರದಿ ರಸ್ತೆಗೇ ಬಂತು. 1989ರ ರೈಲ್ವೆ ಕಾಯಿದೆಯ 160ನೇ ಕಲಮಿನ ಪ್ರಕಾರ, ಮುಚ್ಚಿದ ಗೇಟನ್ನು ಅಧಿಕಾರವಿಲ್ಲದೆ ತೆರೆದವರಿಗೆ 3 ವರ್ಷದವರೆಗೆ, ಮುರಿದವರಿಗೆ 5 ವರ್ಷದವರೆಗೆ ಸೆರೆವಾಸ ವಿಧಿಸಬಹುದು.

ಸಿಗ್ನಲ್ಲಿಗೆ ಜೋಡಿಸಿದ ಗೇಟಿನ ವ್ಯವಸ್ಥೆ ಸರಳವೂ ಹೌದು, ಕಟ್ಟುನಿಟ್ಟಿನದೂ ಹೌದು. ಗೇಟು ಮುಚ್ಚಿ ಬೀಗ ಬೀಳದೆ ರೈಲಿಗೆ ಹಸಿರು ದೀಪ ಸಿಗುವುದಿಲ್ಲ. ಹಸಿರು ಸಿಕ್ಕ ಮೇಲೆ ಗೇಟು ತೆರೆಯುವುದಿಲ್ಲ. ಜೋಡಣೆ ಇಲ್ಲದ ಕಡೆ ಸ್ಟೇಷನ್ ಮಾಸ್ಟರು ಮತ್ತು ಗೇಟ್‌ಮನ್ ಫೋನಿನಲ್ಲಿ ಗುಟ್ಟಿನ ಸಂಖ್ಯೆ ವಿನಿಮಯ ಮಾಡಿಕೊಂಡು ಗೇಟು ಮುಚ್ಚಿರುವುದನ್ನು ಖಚಿತಪಡಿಸಿಕೊಳ್ಳುತ್ತಾರೆ. ರೈಲು ಇನ್ನೂ ದೂರದಲ್ಲಿರುವಾಗಲೇ ಗೇಟು ಬೀಳುವುದಕ್ಕೆ ಇದೇ ಕಾರಣ. ಕಾಯುವವರಿಗೆ ಇದು ಗೇಟ್‌ಮನ್‌ನ ಉದಾಸೀನವಾಗಿ ಕಾಣುತ್ತದೆ. ನಿಜದಲ್ಲಿ ಅದು ಅವನ ಕೈಯಲ್ಲಿಲ್ಲ.

ದಿನಕ್ಕೆ ಕೆಲವೇ ರೈಲುಗಳು ಓಡುತ್ತಿದ್ದಾಗ ಈ ಕಾಯುವಿಕೆ ಯಾರಿಗೂ ಹೊರೆಯಾಗಲಿಲ್ಲ. ಹೊರೆಯಾದದ್ದು ಊರು ಹಳಿಯನ್ನು ದಾಟಿ ಬೆಳೆದಾಗ. ಮೈಸೂರಿನಲ್ಲಿ ನಂಜನಗೂಡು ಮಾರ್ಗ ಹಳೆಯ ಊರಿನ ಪಶ್ಚಿಮದ ಅಂಚಿನಲ್ಲಿ ಹಾದು ಹೋಗಿತ್ತು. 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಹುಟ್ಟಿ ಹೊಸ ಬಡಾವಣೆಗಳು ಎದ್ದವು. ಮುಂದೆ ಸರಸ್ವತೀಪುರ, ಕುವೆಂಪುನಗರಗಳು ಹಳಿಯ ಆಚೆ ಬೆಳೆದವು. ಮಾನಸಗಂಗೋತ್ರಿಯೂ ಆಚೆಗೇ ಬಂತು. ಮನೆ ಒಂದು ಕಡೆ, ಕಚೇರಿ, ಕಾಲೇಜು, ಮಾರುಕಟ್ಟೆ ಇನ್ನೊಂದು ಕಡೆ ಎಂಬಂತಾಯಿತು. ಒಂದು ಕಾಲಕ್ಕೆ ಊರಿನ ಎಲ್ಲೆಯಾಗಿದ್ದ ಹಳಿ ಊರಿನ ನಡುವಿನ ಗೆರೆಯಾಯಿತು. ಕುಕ್ಕರಹಳ್ಳಿ ಗೇಟಿನಲ್ಲಿ ಬೆಳಗ್ಗೆ ನಿಲ್ಲುವ ವಾಹನಗಳ ಸಾಲು ಈ ಬೆಳವಣಿಗೆಯ ಫಲ.

ಹಾಗಿದ್ದರೆ ಯಾವ ಗೇಟು ಹೋಗಬೇಕು, ಯಾವುದು ಉಳಿಯಬೇಕು ಎಂದು ತೀರ್ಮಾನಿಸುವುದು ಹೇಗೆ? ಅದಕ್ಕೆ ರೈಲ್ವೆಯಲ್ಲಿ ಒಂದು ಲೆಕ್ಕವಿದೆ. ಗೇಟಿನಲ್ಲಿ 24 ಗಂಟೆಗಳಲ್ಲಿ ಹಾಯುವ ರೈಲುಗಳ ಸಂಖ್ಯೆಯನ್ನು ರಸ್ತೆ ವಾಹನಗಳ ಸಂಖ್ಯೆಯಿಂದ ಗುಣಿಸಬೇಕು. ಕಾರು, ಬಸ್ಸು, ಎತ್ತಿನಗಾಡಿ ತಲಾ ಒಂದು, ಆಟೋ ಅರ್ಧ, ಸ್ಕೂಟರು ಕಾಲು. ಗುಣಲಬ್ಧ ಒಂದು ಲಕ್ಷ ದಾಟಿದರೆ ಮೇಲ್ಸೇತುವೆಯ ಬೇಡಿಕೆಗೆ ಬಲ ಬರುತ್ತದೆ. ವೆಚ್ಚವನ್ನು ರೈಲ್ವೆ ಮತ್ತು ರಾಜ್ಯ ಸರ್ಕಾರ ಅರ್ಧರ್ಧ ಹಂಚಿಕೊಳ್ಳುವುದು ರೂಢಿ. ಉದಾಹರಣೆಗೆ 20 ರೈಲು ಮತ್ತು 5,000 ವಾಹನಗಳಿದ್ದರೆ ಲಕ್ಷ ಮುಟ್ಟಿತು.

ಈ ಲೆಕ್ಕದಲ್ಲಿ ನಡೆದು ಹೋಗುವ ಮನುಷ್ಯನಿಗೆ ಅಂಕೆಯೇ ಇಲ್ಲ. ಎತ್ತಿನಗಾಡಿಗೆ ಒಂದು ಸಿಕ್ಕಿದೆ, ಗಾಡಿಯ ಹಿಂದೆ ನಡೆಯುವವನಿಗೆ ಸೊನ್ನೆ.

ಗೇಟು ತೆಗೆಯುವ ಕೆಲಸ ದೇಶದಲ್ಲಿ ಚುರುಕಾದದ್ದು ಕಳೆದ ದಶಕದಲ್ಲಿ. ಅನಿಲ್ ಕಾಕೋಡ್ಕರ್ ನೇತೃತ್ವದ ಸುರಕ್ಷತಾ ಸಮಿತಿ 2012ರಲ್ಲಿ, ಎಲ್ಲ ಲೆವೆಲ್ ಕ್ರಾಸಿಂಗುಗಳನ್ನೂ 5 ವರ್ಷಗಳಲ್ಲಿ ತೆಗೆಯಬೇಕೆಂದೂ ಅದಕ್ಕೆ 50,000 ಕೋಟಿ ರೂಪಾಯಿ ಬೇಕಾಗಬಹುದೆಂದೂ ಹೇಳಿತು. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಗೇಟುಗಳು 2019ರ ಜನವರಿ ವೇಳೆಗೆ ಇಲ್ಲವಾದವು. ಅವು ತೆಗೆದುಕೊಂಡ ಜೀವಗಳನ್ನು ನೆನೆದರೆ ಇದು ಸಣ್ಣ ಸಾಧನೆಯಲ್ಲ. ಕಾವಲಿರುವ ಗೇಟುಗಳದು ಉಳಿದ ಕೆಲಸ.

ಬದಲಿ ವ್ಯವಸ್ಥೆಗಳು ಎರಡು. ಮೇಲ್ಸೇತುವೆಗೆ ಎರಡೂ ಬದಿ ಉದ್ದನೆಯ ಏರು ಬೇಕು. ಇಕ್ಕಟ್ಟಾದ ಬೀದಿಯಲ್ಲಿ ಅದಕ್ಕೆ ಜಾಗವಿಲ್ಲ. ಕೆಳಸೇತುವೆಗೆ ಕಾಂಕ್ರೀಟ್ ಪೆಟ್ಟಿಗೆಗಳನ್ನು ಹಳಿಯಡಿ ಕೂರಿಸಿದರಾಯಿತು, ಖರ್ಚೂ ಕಡಿಮೆ. ಆದರೆ ಮಳೆ ಬಂದಾಗ ನೀರು ಇಳಿದು ನಿಲ್ಲುವುದು ತಗ್ಗಿನಲ್ಲೇ. ಎತ್ತರದ ಮಿತಿ ಬೇರೆ. ನಂಜನಗೂಡು ಸೀಮೆಯ ರೈತನ ಹುಲ್ಲಿನ ಗಾಡಿಯಾಗಲಿ, ಕಬ್ಬು ಹೇರಿದ ಟ್ರಾಕ್ಟರಾಗಲಿ ಆ ಮಿತಿಗೆ ಹೊಂದದಿದ್ದರೆ ಸುತ್ತು ಹಾಕಬೇಕು. ಕಾರಿನವನಿಗೆ ಒಂದು ಕಿಲೋಮೀಟರ್ ಸುತ್ತು ಎರಡು ನಿಮಿಷ. ತಲೆಯ ಮೇಲೆ ಹೊರೆ ಹೊತ್ತವಳಿಗೆ ಅದು ಕಾಲು ಗಂಟೆ.

ಮೂರನೆಯ ದಾರಿಯೂ ಉಂಟು. ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ 2015ರಿಂದ ಗೇಟುಗಳನ್ನು ತೆಗೆಯುವ ದೊಡ್ಡ ಯೋಜನೆ ನಡೆದಿದೆ. ಅಲ್ಲಿನ ಕಾಲ್ಫೀಲ್ಡ್-ಡ್ಯಾಂಡೆನಾಂಗ್ ಮಾರ್ಗದಲ್ಲಿ ರಸ್ತೆಯನ್ನು ಏರಿಸುವ ಬದಲು ರೈಲನ್ನೇ ಕಂಬಗಳ ಮೇಲೆ ಎತ್ತಿ, 2018ರೊಳಗೆ ಒಂಬತ್ತು ಗೇಟುಗಳನ್ನು ತೆಗೆದರು. ಕೆಳಗೆ ಜನ ನಡೆಯಲು, ಸೈಕಲ್ ತುಳಿಯಲು ಹಾದಿಯಾಯಿತು. ಏರಿಳಿಯುವ ಕಷ್ಟ ಯಂತ್ರಕ್ಕೆ, ಸಮತಟ್ಟು ನೆಲ ಮನುಷ್ಯನಿಗೆ. ಅಷ್ಟು ಹಣ ಎಲ್ಲ ಊರಿಗೂ ದಕ್ಕುವುದಿಲ್ಲ. ಆದರೂ ಮೊದಲು ಯಾರನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬ ಪ್ರಶ್ನೆಗೆ ಹಣ ಬೇಕಿಲ್ಲ.

ಗೇಟಿಗೆ ಇದ್ದದ್ದು ಒಂದೇ ಗುಣ. ಅದು ಕಾರನ್ನೂ ಬರಿಗಾಲಿನವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಿತ್ತು. ತೆರೆದಾಗ ಇಬ್ಬರಿಗೂ ಒಂದೇ ನೇರ ದಾರಿ ಕೊಡುತ್ತಿತ್ತು. ಜಾತ್ರೆಗೆ ನಡೆದು ಬರುವ ಭಕ್ತರೂ, ಸಂತೆಗೆ ಹೊರಟ ರೈತರೂ, ಶಾಲೆಯ ಮಕ್ಕಳೂ ಇರುವ ಸೀಮೆಯಲ್ಲಿ ಗೇಟು ತೆಗೆಯುವಾಗ ಮೆಟ್ಟಿಲಿಲ್ಲದ, ನೀರು ನಿಲ್ಲದ, ರಾತ್ರಿ ದೀಪವಿರುವ ಕಾಲುದಾರಿಯೊಂದು ನಕ್ಷೆಯಲ್ಲೇ ಇರಬೇಕು. ಕಟ್ಟಿ ಮುಗಿದ ಮೇಲೆ ಸೇರಿಸಹೊರಟರೆ ಜನ ಹಳಿಯನ್ನೇ ದಾಟುತ್ತಾರೆ. ಆಗ ಗೇಟು ಇಲ್ಲ, ಗೇಟ್‌ಮನ್ ಇಲ್ಲ. ಅಪಾಯ ಮಾತ್ರ ಇದ್ದಲ್ಲೇ ಇರುತ್ತದೆ.