ಹುಣಸೆಯ ಆಮ್ಲದ ಕೈಗುಣ: ಕೈರಲ್ ಲಿಗ್ಯಾಂಡ್‌ಗಳ ಇತಿಹಾಸದಲ್ಲಿ ಟಾರ್ಟಾರಿಕ್ ಆಮ್ಲ

ಪೀಠಿಕೆ

ಸಾರಿಗೆಂದು ನೆನೆಹಾಕಿದ ಹುಣಸೆಹಣ್ಣನ್ನು ಕಿವುಚಿದಾಗ ನೀರಿಗಿಳಿಯುವ ಹುಳಿಯಲ್ಲಿ ಮುಖ್ಯವಾದದ್ದು ಟಾರ್ಟಾರಿಕ್ ಆಮ್ಲ. ವೈನ್ ಪೀಪಾಯಿಗಳ ಒಳಮೈಗೆ ಹರಳುಗಟ್ಟಿ ಅಂಟುವುದೂ ಇದರದೇ ಲವಣ. ದೇವನಹಳ್ಳಿ ಸಮೀಪದ ನಲ್ಲೂರಿನ ತೋಪಿನ ಹಳೆಯ ಹುಣಸೆ ಮರವಾಗಲಿ, ಫ್ರಾನ್ಸಿನ ದ್ರಾಕ್ಷಿ ಬಳ್ಳಿಯಾಗಲಿ ಕಟ್ಟುವ ಅಣು ಒಂದೇ ಬಗೆಯದು. ನೀರಿನಲ್ಲಿ ಕರಗಿಸಿದರೆ ಅದು ಧ್ರುವೀಕೃತ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ. ಅದರ ಕನ್ನಡಿ ಬಿಂಬದಂಥ ಎಡ ರೂಪ ನಿಸರ್ಗದಲ್ಲಿ ಅಪರೂಪ.

ಎಡಗೈ ಬಲಗೈಗಳಂತೆ ಒಂದರ ಮೇಲೊಂದು ಹೊಂದಿಕೊಳ್ಳದ ಅಣುಜೋಡಿಗಳನ್ನು ರಸಾಯನಶಾಸ್ತ್ರ ಕೈರಲ್ ಎನ್ನುತ್ತದೆ. ಗ್ರೀಕ್ ಭಾಷೆಯಲ್ಲಿ ಕೈ ಎಂಬ ಅರ್ಥದ ಪದವೇ ಇದರ ಮೂಲ. ಕನ್ನಡದಲ್ಲಿ ಇದನ್ನು ಅಣುವಿನ 'ಕೈಗುಣ' ಎನ್ನಬಹುದು. ಲೋಹದ ಪರಮಾಣುವನ್ನು ಹಿಡಿದು ನಿಂತು, ತನ್ನ ಕೈಗುಣವನ್ನು ಅದರ ಕೆಲಸಕ್ಕೆ ಕೊಡುವ ಅಣುವೇ ಕೈರಲ್ ಲಿಗ್ಯಾಂಡ್.

ಈ ಕ್ಷೇತ್ರದ ಚರಿತ್ರೆಯನ್ನು 2001ರ ನೊಬೆಲ್ ಪುರಸ್ಕೃತರಾದ ವಿಲಿಯಂ ನೋಲ್ಸ್, ರ್ಯೋಜಿ ನೊಯೊರಿ ಮತ್ತು ಬ್ಯಾರಿ ಶಾರ್ಪ್‌ಲೆಸ್ ಅವರ ಹೆಸರಿನಲ್ಲಿ ಹೇಳುವುದು ವಾಡಿಕೆ. ಈ ಲೇಖನ ವ್ಯಕ್ತಿಗಳ ಬದಲು ಒಂದು ವಸ್ತುವಿನ ಜಾಡು ಹಿಡಿಯುತ್ತದೆ. ಟಾರ್ಟಾರಿಕ್ ಆಮ್ಲವನ್ನು ಹಿಂಬಾಲಿಸಿದರೆ ಈ ವಿದ್ಯೆಯ ತಿರುಳು ಸ್ಪಷ್ಟವಾಗುತ್ತದೆ ಎಂಬುದು ನನ್ನ ವಾದ. ರಸಾಯನಶಾಸ್ತ್ರಜ್ಞರು ಕೈಗುಣವನ್ನು ಶೂನ್ಯದಿಂದ ಸೃಷ್ಟಿಸಲಿಲ್ಲ. ನಿಸರ್ಗ ಕೊಟ್ಟ ಒಂದು ಹಿಡಿಯನ್ನು ಸಾವಿರಪಟ್ಟು ಬೆಳೆಸುವ ದಾರಿ ಕಂಡುಕೊಂಡರು.

ಹರಳಿನಿಂದ ಅಣುವಿಗೆ

ಸ್ವೀಡನ್ನಿನ ಕಾರ್ಲ್ ವಿಲ್ಹೆಲ್ಮ್ ಶೀಲೆ 1769ರಲ್ಲಿ ಟಾರ್ಟಾರಿಕ್ ಆಮ್ಲವನ್ನು ಬೇರ್ಪಡಿಸಿದ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಫ್ರಾನ್ಸಿನ ಆಲ್ಸೇಸ್ ಪ್ರಾಂತ್ಯದ ಕಾರ್ಖಾನೆಯೊಂದರಲ್ಲಿ ಇದರದೇ ಸಂಯೋಜನೆಯ ಇನ್ನೊಂದು ಆಮ್ಲ ಸಿಕ್ಕಿತು. ಅದಕ್ಕೆ ರೇಸಿಮಿಕ್ ಆಮ್ಲವೆಂದು ಹೆಸರಾಯಿತು. ಅದು ಬೆಳಕನ್ನು ಯಾವ ಕಡೆಗೂ ತಿರುಗಿಸುತ್ತಿರಲಿಲ್ಲ.

ಈ ಒಗಟನ್ನು ಬಿಡಿಸಿದವನು 25 ವರ್ಷದ ಲೂಯಿ ಪಾಶ್ಚರ್. 1848ರಲ್ಲಿ ಪ್ಯಾರಿಸ್ಸಿನಲ್ಲಿ ಆತ ರೇಸಿಮಿಕ್ ಆಮ್ಲದ ಸೋಡಿಯಂ ಅಮೋನಿಯಂ ಲವಣವನ್ನು ಹರಳುಗಟ್ಟಿಸಿದ. ಪ್ರತಿ ಹರಳಿನ ಅಂಚಿನಲ್ಲಿ ಒಂದು ಪುಟ್ಟ ಓರೆ ಮುಖವಿತ್ತು. ಕೆಲವು ಹರಳುಗಳಲ್ಲಿ ಅದು ಬಲಕ್ಕೆ ವಾಲಿತ್ತು, ಕೆಲವುಗಳಲ್ಲಿ ಎಡಕ್ಕೆ. ಅಕ್ಕಿಯಲ್ಲಿ ಕಲ್ಲು ಆರಿಸುವ ತಾಳ್ಮೆಯಿಂದ ಹರಳುಗಳನ್ನು ಎರಡು ಗುಡ್ಡೆ ಮಾಡಿ, ಬೇರೆ ಬೇರೆ ಕರಗಿಸಿ ನೋಡಿದಾಗ ಒಂದು ದ್ರಾವಣ ಬೆಳಕನ್ನು ಬಲಕ್ಕೂ ಇನ್ನೊಂದು ಎಡಕ್ಕೂ ತಿರುಗಿಸಿತು. ಹಿರಿಯ ಭೌತವಿಜ್ಞಾನಿ ಬಿಯೊ ತನ್ನ ಕಣ್ಣೆದುರೇ ಪ್ರಯೋಗವನ್ನು ಮರಳಿ ಮಾಡಿಸಿ, ಆಮೇಲಷ್ಟೇ ನಂಬಿದ. ಈ ಲವಣ ಬೇರೆ ಬೇರೆ ಹರಳುಗಳಾಗಿ ಒಡೆಯುವುದು ಸುಮಾರು 27 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಮಾತ್ರ. ಪ್ಯಾರಿಸ್ಸಿನ ತಂಪು ಹವೆಯೂ ಆ ಶೋಧದಲ್ಲಿ ಪಾಲುದಾರ.

1874ರಲ್ಲಿ ವಾಂಟ್ ಹಾಫ್ ಮತ್ತು ಲೆ ಬೆಲ್ ಕೈಗುಣದ ಕಾರಣವನ್ನು ಇಂಗಾಲದ ನಾಲ್ಕು ಬಂಧಗಳ ದಿಕ್ಕಿನಲ್ಲಿ ಗುರುತಿಸಿದರು. ಅಣುವಿನ ನಿಜವಾದ ಎಡಬಲ ಯಾವುದೆಂದು ಖಚಿತವಾದದ್ದು ಮಾತ್ರ 1951ರಲ್ಲಿ, ನೆದರ್ಲೆಂಡ್ಸ್‌ನ ಬೈಫುಟ್ ತಂಡ ಎಕ್ಸ್-ಕಿರಣಗಳಿಂದ ಪರೀಕ್ಷೆ ನಡೆಸಿದಾಗ. ಅವರು ಆರಿಸಿಕೊಂಡದ್ದೂ ಟಾರ್ಟಾರಿಕ್ ಆಮ್ಲದ ಒಂದು ಲವಣವನ್ನೇ.

ಬೇರ್ಪಡಿಸುವುದರಿಂದ ಬೆಳೆಸುವುದಕ್ಕೆ

ಪಾಶ್ಚರನ ದಾರಿಯಲ್ಲಿ ಒಂದು ಮಿತಿಯಿತ್ತು. ಎರಡೂ ರೂಪಗಳನ್ನು ಸಮನಾಗಿ ತಯಾರಿಸಿ ಆರಿಸಿದರೆ ಅರ್ಧ ಸರಕು ಬೇಡದ್ದಾಗುತ್ತದೆ. ಬೇಕಾದ ರೂಪವನ್ನಷ್ಟೇ ಹುಟ್ಟಿಸುವುದು ಅಸಮಮಿತ ಸಂಶ್ಲೇಷಣೆ. ಅದನ್ನು ವೇಗವರ್ಧಕದಿಂದ ಸಾಧಿಸಿದರೆ ಲಾಭ ಇನ್ನೂ ದೊಡ್ಡದು, ಏಕೆಂದರೆ ವೇಗವರ್ಧಕ ಖರ್ಚಾಗುವುದಿಲ್ಲ. ಒಂದು ಕೈರಲ್ ಅಣು ಸಾವಿರಾರು ಕೈರಲ್ ಅಣುಗಳಿಗೆ ಅಚ್ಚಾಗುತ್ತದೆ.

1960ರ ದಶಕದಲ್ಲಿ ಜಪಾನಿನ ಇಜುಮಿ ತಂಡ ರೇನಿ ನಿಕಲ್ ಪುಡಿಗೆ ಟಾರ್ಟಾರಿಕ್ ಆಮ್ಲವನ್ನು ಸವರಿ ಜಲಜನಕ ಸೇರಿಸುವ ಪ್ರಯೋಗಗಳನ್ನು ನಡೆಸಿತು. 1966ರಲ್ಲಿ ಕ್ಯೋಟೊದ ನೊಜಾಕಿ ಮತ್ತು ನೊಯೊರಿ ಕರಗುವ ತಾಮ್ರ ಸಂಕೀರ್ಣವೊಂದನ್ನು ಬಳಸಿದರು. ಒಂದು ರೂಪದ ಮೇಲುಗೈ ಶೇ. 10ನ್ನೂ ಮುಟ್ಟಲಿಲ್ಲ. ಆದರೆ ಲೋಹವನ್ನು ಹಿಡಿದ ಲಿಗ್ಯಾಂಡಿನಿಂದ ಕೈಗುಣ ಉತ್ಪನ್ನಕ್ಕೆ ದಾಟುತ್ತದೆ ಎಂಬುದು ಸಿದ್ಧವಾಯಿತು.

ಅದೇ ಹೊತ್ತಿಗೆ ಲಂಡನ್ನಿನಲ್ಲಿ ಜೆಫ್ರಿ ವಿಲ್ಕಿನ್‌ಸನ್ ರೋಡಿಯಂ ಲೋಹಕ್ಕೆ ರಂಜಕವುಳ್ಳ ಮೂರು ಫಾಸ್ಫೀನ್‌ಗಳನ್ನು ಜೋಡಿಸಿ, ಜಲಜನಕ ಸೇರಿಸುವ ಕರಗುವ ವೇಗವರ್ಧಕವನ್ನು ಕೊಟ್ಟಿದ್ದ. ಅಮೆರಿಕದ ಸೇಂಟ್ ಲೂಯಿಸ್‌ನ ಮೊನ್ಸಾಂಟೊ ಕಂಪನಿಯಲ್ಲಿ ನೋಲ್ಸ್ ಆ ಫಾಸ್ಫೀನ್‌ಗಳ ಜಾಗದಲ್ಲಿ ಕೈರಲ್ ಫಾಸ್ಫೀನ್ ಇಟ್ಟು 1968ರಲ್ಲಿ ಶೇ. 15ರ ಮೇಲುಗೈ ಪಡೆದ. ಎಂದರೆ ಒಂದು ರೂಪ 57.5 ಪಾಲು, ಇನ್ನೊಂದು 42.5 ಪಾಲು. ಜರ್ಮನಿಯ ಹಾರ್ನರ್ ಕೂಡ ಅದೇ ವರ್ಷ ಇಂಥದೇ ಫಲಿತಾಂಶ ಪ್ರಕಟಿಸಿದ. ಇಬ್ಬರ ಲಿಗ್ಯಾಂಡಿನಲ್ಲೂ ಕೈಗುಣವಿದ್ದದ್ದು ರಂಜಕದ ಪರಮಾಣುವಿನಲ್ಲಿ. ಲೋಹಕ್ಕೆ ತಾಗಿಕೊಂಡ ಪರಮಾಣುವೇ ಕೈರಲ್ ಆಗಿರಬೇಕು, ದೂರವಿದ್ದರೆ ಪ್ರಭಾವ ತಲುಪದು ಎಂಬುದು ಸಹಜವಾದ ಊಹೆಯಾಗಿತ್ತು.

ಕಾಗಾನ್ ಮಾಡಿದ ತಿರುವು

ಆ ಊಹೆಯನ್ನು ಮುರಿದದ್ದು ಟಾರ್ಟಾರಿಕ್ ಆಮ್ಲ. 1971ರಲ್ಲಿ ಫ್ರಾನ್ಸಿನ ಓರ್ಸೆಯಲ್ಲಿ ಹೆನ್ರಿ ಕಾಗಾನ್ ಮತ್ತು ಡಾಂಗ್ ಈ ಆಮ್ಲದಿಂದ ಡಯಾಪ್ ಎಂಬ ಲಿಗ್ಯಾಂಡನ್ನು ತಯಾರಿಸಿದರು. ಆಮ್ಲದ ನಡುವಿನ ಎರಡು ಕೈರಲ್ ಇಂಗಾಲಗಳನ್ನು ಹಾಗೆಯೇ ಉಳಿಸಿಕೊಂಡು, ಎರಡೂ ತುದಿಗಳಲ್ಲಿ ಒಂದೊಂದು ಫಾಸ್ಫೀನ್ ಕೂಡಿಸಿದರು. ರಂಜಕ ಕೈರಲ್ ಆಗಿರಲಿಲ್ಲ. ಅದಕ್ಕೂ ಕೈರಲ್ ಇಂಗಾಲಕ್ಕೂ ನಡುವೆ ಇನ್ನೊಂದು ಇಂಗಾಲದ ಅಂತರವೂ ಇತ್ತು. ಆದರೂ ಅಮೈನೊ ಆಮ್ಲಗಳ ತಯಾರಿಯಲ್ಲಿ ಮೇಲುಗೈ ಶೇ. 70ರ ಆಸುಪಾಸಿಗೆ ಏರಿತು.

ಇದಕ್ಕೆ ಎರಡು ಕಾರಣಗಳನ್ನು ಗುರುತಿಸಬಹುದು. ಒಂದು, ಎರಡು ರಂಜಕಗಳು ಇಕ್ಕಳದಂತೆ ಲೋಹವನ್ನು ಎರಡು ಕಡೆಯಿಂದ ಹಿಡಿದಾಗ ಲಿಗ್ಯಾಂಡ್ ಅತ್ತಿತ್ತ ಹೊರಳದೆ ಬಿಗಿಯಾಗಿ ನಿಲ್ಲುತ್ತದೆ. ಎರಡು, ಟಾರ್ಟಾರಿಕ್ ಆಮ್ಲದ ಎರಡು ಅರ್ಧಗಳು ಒಂದೇ ಪಡಿಯಚ್ಚು. ಅಣುವನ್ನು ಅದರ ಅಕ್ಷದ ಸುತ್ತ 180 ಡಿಗ್ರಿ ತಿರುಗಿಸಿದರೂ ಮೊದಲಿನಂತೆಯೇ ಕಾಣುತ್ತದೆ. ಇದರಿಂದ ಲೋಹದ ಬಳಿ ಪರಸ್ಪರ ಸ್ಪರ್ಧಿಸುವ ಜೋಡಣೆಗಳು ಕಡಿಮೆಯಾಗಿ, ತಪ್ಪು ದಾರಿಗಳು ಮುಚ್ಚಿಕೊಳ್ಳುತ್ತವೆ. ಮುಂದಿನ ದಶಕಗಳ ಯಶಸ್ವಿ ಲಿಗ್ಯಾಂಡ್‌ಗಳಲ್ಲಿ ಹೆಚ್ಚಿನವು ಈ ಸಮಮಿತಿಯನ್ನು ಅಳವಡಿಸಿಕೊಂಡವು. ನೊಯೊರಿ ಮತ್ತು ತಕಾಯಾ 1980ರಲ್ಲಿ ಪ್ರಕಟಿಸಿದ ಬೈನಾಪ್ ಕೂಡ ಅದೇ ಸಾಲಿನದು. ಜಪಾನಿನ ತಕಾಸಾಗೊ ಕಂಪನಿ 1983ರಿಂದ ಅದರ ನೆರವಿನಿಂದಲೇ ಮೆಂಥಾಲ್ ತಯಾರಿಸತೊಡಗಿತು.

ನೋಲ್ಸ್ ಕೂಡ ಜೋಡಿ ಹಿಡಿತದ ದಾರಿಗೆ ಬಂದ. ತನ್ನ ಕೈರಲ್ ರಂಜಕಗಳನ್ನು ಎರಡಾಗಿ ಬೆಸೆದು ಕಟ್ಟಿದ ಡಿಪ್ಯಾಂಪ್ ಲಿಗ್ಯಾಂಡ್ ಶೇ. 95ರ ಮೇಲುಗೈ ಕೊಟ್ಟಿತು. ಎಂದರೆ 97.5 ಪಾಲಿಗೆ 2.5 ಪಾಲು. ಪಾರ್ಕಿನ್‌ಸನ್ ಕಾಯಿಲೆಯ ಔಷಧವಾದ ಎಲ್-ಡೋಪಾ 1970ರ ದಶಕದ ನಡುವಿನಲ್ಲಿ ಮೊನ್ಸಾಂಟೊದಲ್ಲಿ ಈ ವಿಧಾನದಿಂದ ತಯಾರಾಗತೊಡಗಿತು. ನಮ್ಮ ಬೇಲಿಗಳಲ್ಲಿ ಹಬ್ಬುವ, ಮುಟ್ಟಿದರೆ ಮೈ ತುರಿಸುವ ನಸುಗುನ್ನಿಯ ಬೀಜದಲ್ಲಿ ಇರುವುದೂ ಇದೇ ಅಣು. ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲಿ ಅದನ್ನು ಆ ಬೀಜದಿಂದ ಬೇರ್ಪಡಿಸಿದ್ದರು. ಬಳ್ಳಿ ತನ್ನ ಕಿಣ್ವಗಳಿಂದ ಮಾಡುವ ಎಡಬಲದ ಆಯ್ಕೆಯನ್ನು ಕಾರ್ಖಾನೆ ಈಗ ಒಂದು ಲಿಗ್ಯಾಂಡಿನಿಂದ ಮಾಡಿತು.

ಹಿಡಿತ ಮತ್ತು ವೇಗ

ಲಿಗ್ಯಾಂಡ್ ಹೇಗೆ ಆರಿಸುತ್ತದೆ? ಬೀಗಕ್ಕೆ ಬೀಗದಕೈ ಹೊಂದುವಂತೆ, ವೇಗವರ್ಧಕಕ್ಕೆ ಚೆನ್ನಾಗಿ ಒಗ್ಗುವ ಜೋಡಣೆಯೇ ಉತ್ಪನ್ನವಾಗುತ್ತದೆ ಎಂದು ಭಾವಿಸುವುದು ಸುಲಭ. ಶಿಕಾಗೊದ ಜ್ಯಾಕ್ ಹಾಲ್ಪರ್ನ್ 1980ರ ದಶಕದ ಆರಂಭದಲ್ಲಿ ರೋಡಿಯಂ ಕ್ರಿಯೆಗಳನ್ನು ಅಳೆದಾಗ ಕಂಡದ್ದು ಇದಕ್ಕೆ ತದ್ವಿರುದ್ಧ. ದ್ರಾವಣದಲ್ಲಿ ಹೇರಳವಾಗಿದ್ದ ಸ್ಥಿರ ಜೋಡಣೆ ಜಲಜನಕದೊಂದಿಗೆ ನಿಧಾನವಾಗಿ ವರ್ತಿಸುತ್ತಿತ್ತು. ಅಲ್ಪಪ್ರಮಾಣದಲ್ಲಿದ್ದ, ಅಸ್ಥಿರವಾದ ಜೋಡಣೆ ಎಷ್ಟೋ ಪಟ್ಟು ವೇಗವಾಗಿ ಮುನ್ನುಗ್ಗುತ್ತಿತ್ತು. ಉತ್ಪನ್ನದ ಬಹುಪಾಲು ಹುಟ್ಟಿದ್ದು ಅದರಿಂದಲೇ. ಒಳ್ಳೆಯ ಲಿಗ್ಯಾಂಡನ್ನು ಹಿಡಿತದ ಬಲದಿಂದಲ್ಲ, ಅದು ತೆರೆಯುವ ದಾರಿಯ ವೇಗದಿಂದ ಅಳೆಯಬೇಕು ಎಂಬ ತಿಳಿವು ಈ ಕ್ಷೇತ್ರಕ್ಕೆ ಆಗ ಬಂತು.

ಟಾರ್ಟ್ರೇಟ್‌ನ ಎರಡನೆಯ ಹುಟ್ಟು

ಡಯಾಪ್‌ಗಾಗಿ ಆಮ್ಲವನ್ನು ಹಲವು ಹಂತಗಳಲ್ಲಿ ಮಾರ್ಪಡಿಸಬೇಕಿತ್ತು. 1980ರಲ್ಲಿ ಶಾರ್ಪ್‌ಲೆಸ್ ಮತ್ತು ಕತ್ಸುಕಿ ಅಷ್ಟು ದೂರ ಹೋಗಲಿಲ್ಲ. ಟಾರ್ಟಾರಿಕ್ ಆಮ್ಲದ ಸರಳ ಎಸ್ಟರ್ ಆದ ಡೈಈಥೈಲ್ ಟಾರ್ಟ್ರೇಟ್, ಟೈಟಾನಿಯಂ ಸಂಯುಕ್ತ ಮತ್ತು ಒಂದು ಪೆರಾಕ್ಸೈಡನ್ನು ಬೆರೆಸಿ ಅಲಿಲಿಕ್ ಆಲ್ಕೊಹಾಲ್‌ಗಳನ್ನು ಎಪಾಕ್ಸೈಡ್‌ಗಳಾಗಿಸಿದರು. ಹಲವು ಉದಾಹರಣೆಗಳಲ್ಲಿ ಮೇಲುಗೈ ಶೇ. 90ನ್ನು ದಾಟಿತು. ಅಣುವಿನ ಯಾವ ಮೈಗೆ ಆಮ್ಲಜನಕ ಸೇರಬೇಕೆಂಬುದನ್ನು ಟಾರ್ಟ್ರೇಟ್‌ನ ಎಡಬಲವೇ ನಿರ್ಧರಿಸುತ್ತಿತ್ತು. ಬಲ ರೂಪ ಹಾಕಿದರೆ ಒಂದು ಮೈ, ಎಡ ರೂಪ ಹಾಕಿದರೆ ಎದುರು ಮೈ. ಪಾಶ್ಚರ್ ಬೇರ್ಪಡಿಸಿದ ಎರಡು ಗುಡ್ಡೆಗಳು ಇಲ್ಲಿ ಎರಡು ಉಪಕರಣಗಳಾದವು.

1984ರಲ್ಲಿ ಕಾಗಾನ್ ಇದೇ ಮಿಶ್ರಣಕ್ಕೆ ಅಳತೆಯಷ್ಟು ನೀರು ಸೇರಿಸಿ, ಗಂಧಕವುಳ್ಳ ಸಲ್ಫೈಡ್‌ಗಳನ್ನು ಕೈರಲ್ ಸಲ್ಫಾಕ್ಸೈಡ್‌ಗಳಾಗಿ ಮಾರ್ಪಡಿಸಿದರು. ಈ ವಿಧಾನದ ಪರಿಷ್ಕೃತ ರೂಪವನ್ನು ಆಸ್ಟ್ರಾಜೆನೆಕಾ ಕಂಪನಿ ಎಸೊಮೆಪ್ರಜೋಲ್ ತಯಾರಿಸಲು ಬಳಸಿತು. ಹೊಟ್ಟೆಯ ಆಮ್ಲೀಯತೆಗೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನುಂಗುವ ಈ ಮಾತ್ರೆ ಇಂದು ನಮ್ಮೂರಿನ ಯಾವ ಔಷಧದ ಅಂಗಡಿಗೂ ಹೊಸದಲ್ಲ.

ಸಮಾರೋಪ

ಟಾರ್ಟಾರಿಕ್ ಆಮ್ಲ ಪಾಶ್ಚರನಿಗೆ ಒಗಟಾಗಿತ್ತು, ಬೈಫುಟ್‌ಗೆ ಸಾಕ್ಷಿಯಾಯಿತು, ಕಾಗಾನ್‌ಗೆ ಅಣುವಿನ ಬೆನ್ನೆಲುಬಾಯಿತು, ಶಾರ್ಪ್‌ಲೆಸ್‌ಗೆ ಕೈಗೆ ಸಿಕ್ಕ ಉಪಕರಣವಾಯಿತು. ಅದು ಅಗ್ಗ, ಎರಡೂ ರೂಪಗಳಲ್ಲಿ ದೊರೆಯುತ್ತದೆ, ಲೋಹವನ್ನು ಹಿಡಿಯಲು ಬೇಕಾದ ಆಮ್ಲಜನಕಗಳು ಅದರಲ್ಲೇ ಇವೆ. ಮೂವರು ನೊಬೆಲ್ ವಿಜೇತರ ಚರಿತ್ರೆಯಲ್ಲಿ ಕಾಗಾನ್ ಅಂಚಿಗೆ ಸರಿಯುತ್ತಾರೆ. ಆಮ್ಲದ ಚರಿತ್ರೆಯಲ್ಲಿ ಅವರು ನಡುಮನೆಯಲ್ಲಿದ್ದಾರೆ. ಕೈಗುಣ ಲೋಹದ ಪಕ್ಕದಲ್ಲೇ ಇರಬೇಕಿಲ್ಲ, ಇಡೀ ಲಿಗ್ಯಾಂಡಿನ ನಿಲುವಿನಲ್ಲಿ ಇದ್ದರೆ ಸಾಕು ಎಂದು ತೋರಿಸಿಕೊಟ್ಟವರು ಅವರು.

ಕ್ರಿಯೆ ಮುಗಿದ ಮೇಲೆ ಟಾರ್ಟ್ರೇಟ್ ಉತ್ಪನ್ನದಿಂದ ಬೇರಾಗಿ ಹೊರಬರುತ್ತದೆ. ಅದರ ಒಂದು ಪರಮಾಣುವೂ ಔಷಧದ ಅಣುವಿನ ಭಾಗವಾಗುವುದಿಲ್ಲ. ಅದು ಕೊಟ್ಟ ಎಡಬಲ ಮಾತ್ರ ಮಾತ್ರೆಯಲ್ಲಿ ಉಳಿಯುತ್ತದೆ.