ಕಲ್ಲಿನ ಎರಡು ಕಾಲಗಳು

ಬೇಲೂರಿನ ದೇವಾಲಯ ಎಂದಿನದೆಂದು ಕೇಳಿದರೆ ಉತ್ತರ ಹೇಳಲು ಶಾಸನವಿದೆ. ವಿಷ್ಣುವರ್ಧನನು ಅಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಹಳೇಬೀಡಿನ ಹೊಯ್ಸಳೇಶ್ವರ ಅದೇ ಕಾಲದ್ದು. ಅರಸೀಕೆರೆಯ ಶಿವಾಲಯ ಸುಮಾರು ನೂರು ವರ್ಷ ಈಚಿನದು. ಆದರೆ ಈ ನಾಡಿನ ಬಂಡೆಗಳ ವಯಸ್ಸೆಷ್ಟು? ಅದನ್ನು ಯಾವ ಲಿಪಿಕಾರನೂ ಬರೆದಿಡಲಿಲ್ಲ.

ಬರೆದಿಟ್ಟಿರುವುದು ಪ್ರಕೃತಿ, ಅದರ ಲಿಪಿ ಪರಮಾಣುಗಳು. ಶಿಲೆಯಲ್ಲಿರುವ ರುಬಿಡಿಯಂ-87 ಮೆಲ್ಲಮೆಲ್ಲನೆ ಸ್ಟ್ರಾಂಷಿಯಂ-87 ಆಗಿ ಮಾರ್ಪಡುತ್ತದೆ. ಅರ್ಧದಷ್ಟು ಮಾರ್ಪಡಲು ಸುಮಾರು 4,900 ಕೋಟಿ ವರ್ಷ ಬೇಕು. ಈ ಲಿಪಿಯನ್ನು ಓದುವ ಯಂತ್ರ ರಾಶಿ ರೋಹಿತಮಾಪಕ, ಅಂದರೆ ಮಾಸ್ ಸ್ಪೆಕ್ಟ್ರೋಮೀಟರ್. ಅದರ ಕಾಂತಕ್ಷೇತ್ರದಲ್ಲಿ ಹಗುರವಾದ ಕಣ ಹೆಚ್ಚು ಬಾಗುತ್ತದೆ, ಭಾರವಾದದ್ದು ಕಡಿಮೆ. ಆದರೆ ವಿದ್ಯುದಾವೇಶವಿಲ್ಲದ ಪರಮಾಣು ಕಾಂತಕ್ಕೆ ಮಣಿಯದು. ಆದ್ದರಿಂದ ಮೊದಲು ಅದನ್ನು ಅಯಾನಾಗಿಸಬೇಕು.

1918ರಲ್ಲಿ ಷಿಕಾಗೋದಲ್ಲಿ ಆರ್ಥರ್ ಡೆಂಪ್‌ಸ್ಟರ್ ಅವರು ಲವಣಗಳನ್ನು ಕಾಯಿಸಿ ಅಯಾನುಗಳನ್ನು ಪಡೆದರು. ಶಿಲೆಯ ಕಾಲಗಣನೆಗೆ ಒದಗಿದ್ದು ಇದೇ ಉಷ್ಣಮಾರ್ಗ. ಕಲ್ಲನ್ನು ಪುಡಿಮಾಡಿ ಆಮ್ಲದಲ್ಲಿ ಕರಗಿಸುತ್ತಾರೆ. ಸ್ಟ್ರಾಂಷಿಯಮ್ಮನ್ನು ರುಬಿಡಿಯಮ್ಮಿನಿಂದ ಬೇರ್ಪಡಿಸುತ್ತಾರೆ. ಎರಡರ 87ರ ಪರಮಾಣುಗಳೂ ಬಹುಮಟ್ಟಿಗೆ ಒಂದೇ ತೂಕದವು. ಬೆರೆತರೆ ಯಂತ್ರಕ್ಕೆ ಭೇದ ತಿಳಿಯದು. ಬಳಿಕ ಒಂದು ಹನಿಯನ್ನು ಟ್ಯಾಂಟಲಂ ಅಥವಾ ರೀನಿಯಂ ತಂತಿಯ ಮೇಲೆ ಒಣಗಿಸಿ, ನಿರ್ವಾತದಲ್ಲಿ ಕೆಂಪಗೆ ಕಾಯಿಸುತ್ತಾರೆ. ಪರಮಾಣು ಎಲೆಕ್ಟ್ರಾನೊಂದನ್ನು ಕಳೆದುಕೊಂಡು ಹಾರುತ್ತದೆ.

ಗೊರೂರು ಎಂದೊಡನೆ ಸಾಹಿತ್ಯಪ್ರಿಯರಿಗೆ ರಾಮಸ್ವಾಮಿ ಅಯ್ಯಂಗಾರ್ಯರೂ ಹೇಮಾವತಿಯೂ ನೆನಪಾಗುವುದು ಸಹಜ. ಆ ಗೊರೂರಿನ ನೈಸ್ ಶಿಲೆ ಸುಮಾರು 336 ಕೋಟಿ ವರ್ಷ ಹಳೆಯದೆಂದು ಬೆಕಿನ್ಸೇಲ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದರು. ಮುಂದೆ ಇನ್ನೊಂದು ವಿಧಾನ ಬಂದಿತು: ಆಮ್ಲಜನಕದ ಅಯಾನುಗಳ ಸಣ್ಣ ಕಿರಣವನ್ನು ಜಿರ್ಕಾನ್ ಹರಳಿಗೆ ತಾಗಿಸಿ, ಅದರಿಂದ ಯುರೇನಿಯಂ, ಸೀಸಗಳ ಅಯಾನುಗಳನ್ನು ಚಿಮ್ಮಿಸುವುದು. ಹರಳನ್ನು ಕರಗಿಸಬೇಕಾಗಿಲ್ಲ, ಅದರೊಳಗಿನ ಒಂದು ಚುಕ್ಕೆ ಸಾಕು. ಅರಸೀಕೆರೆ-ಬಾಣಾವರದ ಗ್ರಾನೈಟು ಸುಮಾರು 260 ಕೋಟಿ ವರ್ಷದ್ದೆಂದು ತಿಳಿದದ್ದು ಹೀಗೆ.

ಹಾಗಾದರೆ ಯಂತ್ರವಿದ್ದಮೇಲೆ ಶಾಸನವೇಕೆ? ಇಲ್ಲೊಂದು ವಿವೇಕ ಅಗತ್ಯ. ಯಂತ್ರ ಹೇಳುವುದು ಶಿಲೆಯ ಜನ್ಮಕಾಲವನ್ನು, ಶಿಲ್ಪದ ಕಾಲವನ್ನಲ್ಲ. ಉಳಿಯ ಪೆಟ್ಟು ಬಳಪದ ಕಲ್ಲಿನ ರೂಪವನ್ನು ಬದಲಿಸಿತೇ ಹೊರತು ಒಳಗಿನ ಪರಮಾಣುಗಳ ಗಡಿಯಾರವನ್ನು ಮುಟ್ಟಲಿಲ್ಲ. ಹೊಲದ ಬದುವಿನಲ್ಲಿ ಬಿದ್ದ ಶಾಸನದ ಕಲ್ಲೊಂದನ್ನು ಜಲ್ಲಿಯಾಗಿ ಒಡೆದರೂ ಅದರ ಕೋಟಿ ವರ್ಷಗಳ ಲೆಕ್ಕ ಪ್ರತಿ ಚೂರಿನಲ್ಲಿಯೂ ಉಳಿದಿರುತ್ತದೆ. ಅದರ ಮೇಲಿನ ಎಂಟುನೂರು ವರ್ಷಗಳ ಮಾತನ್ನು ಮಾತ್ರ ಯಾವ ಯಂತ್ರವೂ ಮರಳಿ ಕೊಡಲಾರದು.